ಗುಳ್ಳೆ ಏಳದಂತೆ ಅಂಟಿಸುವುದು

ನನ್ನ ಅಳಿಯ ಯಾರಿಗಾದರೂ ನನ್ನ ಪರಿಚಯ ಮಾಡಿಕೊಡುವಾಗ, "ನಮ್ಮತ್ತೆ ಆರ್ಟ್ ಫೀಲ್ಡ್‌ನಲ್ಲಿದ್ರು" ಎನ್ನುತ್ತಾನೆ. ಕೇಳಿದವರು ತಕ್ಷಣ ನೆಟ್ಟಗೆ ಕೂತು, "ಹೌದಾ ಮೇಡಂ? ಏನೇನು ಬಿಡಿಸ್ತಿದ್ರಿ?" ಎಂದು ಗೌರವದಿಂದ ವಿಚಾರಿಸುತ್ತಾರೆ. ನಾನು ಜನ್ಮದಲ್ಲಿ ಏನನ್ನೂ ಬಿಡಿಸಿದವಳಲ್ಲ, ಅಂಟಿಸಿದವಳು. ಹಾಗೆಂದ ಕೂಡಲೇ ಗೌರವ ಅರ್ಧಕ್ಕೆ ಇಳಿಯುತ್ತದೆ. "ಗೋಡೆಗೆ ಪೋಸ್ಟರ್ ಅಂಟಿಸ್ತಾರಲ್ಲ, ಅದಾ?" ಎಂದು ಒಬ್ಬರು ಕೇಳಿಯೂ ಬಿಟ್ಟಿದ್ದರು.

ಪೋಸ್ಟರ್ ಅಲ್ಲ, ಕೊಲಾಜ್. ಬೇರೆ ಬೇರೆ ಕಾಗದಗಳನ್ನು ಹರಿದು, ಕತ್ತರಿಸಿ, ಒಂದರ ಪಕ್ಕ ಒಂದನ್ನು ಅಂಟಿಸಿ ಮಾಡುವ ಚಿತ್ರ. ಈಗ ಇಂದಿರಾನಗರದ ಕಾಫಿ ಅಂಗಡಿಗಳಲ್ಲಿ ವಾರಾಂತ್ಯಕ್ಕೆ ಇದನ್ನು ಕಲಿಸುತ್ತಾರೆ. ಅಂಥ ಒಂದು ಸ್ಟುಡಿಯೋಗೆ ಕೆಲಸಕ್ಕೆ ಸೇರಿದ ನಮ್ಮ ಪಕ್ಕದ ಮನೆಯ ಹುಡುಗಿ ಮೊನ್ನೆ ಬಂದು, "ಆಂಟಿ, ಟಿಪ್ಸ್ ಕೊಡಿ" ಎಂದಳು. ಟಿಪ್ಸ್ ನನ್ನ ಬಳಿ ಇಲ್ಲ. ಆದದ್ದು ಹೋದದ್ದು ಇದೆ. ಅದನ್ನೇ ಬರೆದು ಕೊಡುತ್ತಿದ್ದೇನೆ. ಬೇಕಾದ್ದನ್ನು ಅವಳೇ ಹರಿದುಕೊಳ್ಳಲಿ.

ನಮ್ಮಪ್ಪ ಕೆ.ಆರ್. ಪುರಂ ಕಡೆಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿದ್ದರು. ಕಾಲೊನಿಯ ಹುಡುಗಿಯರೆಲ್ಲ ಟೈಪಿಂಗ್ ಕಲಿತಂತೆ ನಾನೂ ಕಲಿತಿದ್ದೆ. ಹಲಸೂರು ಕೆರೆಯ ಹಿಂದಿನ ಬೀದಿಯಲ್ಲಿ ಒಬ್ಬ ಕಲಾವಿದೆಗೆ ಟೈಪಿಸ್ಟ್ ಬೇಕಾಗಿದ್ದಾರೆ ಎಂದು ಯಾರೋ ಹೇಳಿದರೆಂದು ಹೋದೆ. ಹಳೇ ಬಂಗಲೆಯ ಮಹಡಿ. ಮೆಟ್ಟಿಲು ಹತ್ತುವಾಗಲೇ ಹುಳಿ ಹುಳಿ ವಾಸನೆ. ಮೇಲೆ ಉದ್ದನೆಯ ಹಾಲು, ನೆಲದ ತುಂಬ ಕಾಗದ. ಆ ಕಾಗದದ ನಡುವೆ ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟುಕೊಂಡು ಗ್ರೇಸ್ ಮೇಡಂ ನಿಂತಿದ್ದರು. ಹುಟ್ಟಿ ಬೆಳೆದದ್ದೆಲ್ಲ ಕಂಟೋನ್ಮೆಂಟ್. ಮನೆಮಾತು ತಮಿಳು, ಬೈಯುವುದು ಇಂಗ್ಲಿಷಿನಲ್ಲಿ, ಕೆಲಸ ಹೇಳುವುದು ಕನ್ನಡದಲ್ಲಿ.

ನನ್ನ ಸರ್ಟಿಫಿಕೇಟುಗಳ ಕಡೆ ಅವರು ನೋಡಲೇ ಇಲ್ಲ. ಹಳೇ ಪೇಪರಿನ ಒಂದು ಹಾಳೆ ಕೊಟ್ಟು, "ಹರಿ" ಎಂದರು. ಹರಿದೆ. ಸೀದಾ ಗೀಟು ಎಳೆದಂತೆ ಹರಿಯಿತು. "ಈಗ ಅಡ್ಡಕ್ಕೆ ಹರಿ." ಹರಿದೆ. ಹಲ್ಲು ಹಲ್ಲಾಗಿ, ಎಲ್ಲೆಲ್ಲೋ ಓಡಿಹೋಯಿತು.

"ಯಾಕೆ ಹಾಗಾಯ್ತು?" ಎಂದರು.

ನನಗೇನು ಗೊತ್ತು! "ಪೇಪರ್ ಸರಿ ಇಲ್ಲ ಮೇಡಂ" ಎಂದೆ.

ಮೂಲೆಯಲ್ಲಿ ಕೂತು ರಟ್ಟು ಕೊಯ್ಯುತ್ತಿದ್ದ ಒಬ್ಬ ಕುರುಚಲು ಗಡ್ಡದವರು ತಲೆ ಎತ್ತದೇ, "ಇವ್ರನ್ನ ತಗೊಳ್ಳಿ ಮೇಡಂ. ತಪ್ಪು ತನ್ನದಲ್ಲ ಅಂತ ಹೇಳೋಕೆ ಆಗ್ಲೇ ಬರತ್ತೆ" ಎಂದರು. ಅವರೇ ನಯಾಜ್. ಶಿವಾಜಿನಗರದವರು, ಪುಸ್ತಕ ಕಟ್ಟುವವರ ಮನೆತನ. ಮೇಡಂ ನಕ್ಕುಬಿಟ್ಟರು. ನನಗೆ ಕೆಲಸ ಸಿಕ್ಕಿತು. ಟೈಪ್‌ರೈಟರ್ ಆ ಮನೆಯಲ್ಲಿ ಇರಲೇ ಇಲ್ಲ ಎಂಬುದು ಮಾರನೆಯ ವಾರ ತಿಳಿಯಿತು.

ಕಾಗದಕ್ಕೆ ನಾರಿನ ದಿಕ್ಕು ಇರುತ್ತದೆ. ಆ ದಿಕ್ಕಿಗೆ ಹರಿದರೆ ಮಾತು ಕೇಳುತ್ತದೆ, ಅಡ್ಡಕ್ಕೆ ಹರಿದರೆ ಹಟ ಮಾಡುತ್ತದೆ. ನೀರು ಬಿದ್ದಾಗ ಹಿಗ್ಗುವುದೂ ಅಷ್ಟೇ. ಉದ್ದಕ್ಕೆ ಹೆಚ್ಚು ಹಿಗ್ಗದು, ಅಗಲಕ್ಕೆ ಹಿಗ್ಗುತ್ತದೆ, ನಮ್ಮ ಹಾಗೇ. ಅಂಟು ಸವರಿದ ಕೂಡಲೇ ರಟ್ಟಿನ ಮೇಲೆ ಒತ್ತಿಬಿಟ್ಟರೆ, ಅದು ಅಲ್ಲಿ ಕೂತುಕೊಂಡು ಹಿಗ್ಗಲು ಶುರುಮಾಡುತ್ತದೆ. ಜಾಗ ಸಾಲದೆ ಗುಳ್ಳೆ ಏಳುತ್ತದೆ. ಅದಕ್ಕೇ ಮೊದಲು ಹಿಂಬದಿಗೆ ತೇವ ಸವರಿ, ಕಾಗದ ಹಿಗ್ಗುವಷ್ಟು ಹಿಗ್ಗಿ ಸುಮ್ಮನಾಗುವ ತನಕ ಕಾಯಬೇಕು. ಆಮೇಲೆ ಅಂಟು. ಆಮೇಲೆ ನಡುವಿನಿಂದ ಅಂಚಿನ ಕಡೆಗೆ ಅಂಗೈಯಲ್ಲಿ ಸವರಬೇಕು. ನನ್ನ ಇಡೀ ವೃತ್ತಿಯ ವಿದ್ಯೆ ಇಷ್ಟೇ. ಇದನ್ನು ಕಲಿಯಲು ಒಂದು ಮಧ್ಯಾಹ್ನ ಸಾಕು. ಕಾಯುವುದನ್ನು ಕಲಿಯಲು ನನಗೆ ಬಹಳ ವರ್ಷ ಹಿಡಿಯಿತು.

ಅಂಟು ಎಂದರೆ ಆಗ ಮೈದಾ ಗಂಜಿ. ಸಣ್ಣ ಉರಿಯಲ್ಲಿ, ಗಂಟಾಗದ ಹಾಗೆ, ಕೈ ಬಿಡದೇ ತಿರುವಬೇಕು. ನಾನು ಮನೆಯಲ್ಲಿ ಉಪ್ಪಿಟ್ಟನ್ನೂ ಗಂಟು ಮಾಡುತ್ತಿದ್ದವಳು. ಮೊದಲ ತಿಂಗಳ ಗಂಜಿಯನ್ನು ನಯಾಜ್ ಒಂದು ಕಡ್ಡಿಯಲ್ಲಿ ಎತ್ತಿ ಬೆಳಕಿಗೆ ಹಿಡಿದು, "ಇದ್ರಲ್ಲಿ ಸಾಂಬಾರ್ ಹಾಕ್ಕೊಂಡು ತಿನ್ಬೋದು" ಎಂದಿದ್ದರು. ಅವರ ಪ್ರಕಾರ ಗಂಜಿಗೆ ಮೈಲುತುತ್ತ ಹಾಕಲೇಬೇಕು. ಅದು ನೀಲಿ ಹರಳಿನಂಥ ವಿಷ, ಹುಳ ಹತ್ತಿರ ಬರುವುದಿಲ್ಲ. ಮೇಡಂ ಪ್ರಕಾರ ಹಾಕಲೇಕೂಡದು, ತೆಳು ಕಾಗದದ ಬಣ್ಣ ಹಸಿರಿಗೆ ತಿರುಗುತ್ತದೆ. ಇಬ್ಬರೂ ನನ್ನನ್ನು ನಡುವೆ ನಿಲ್ಲಿಸಿಕೊಂಡು ಜಗಳವಾಡುತ್ತಿದ್ದರು. ಮೇಡಂ ಎದುರಿಗಿದ್ದಾಗ ನಾನು ಹಾಕುತ್ತಿರಲಿಲ್ಲ, ನಯಾಜ್ ಎದುರಿಗಿದ್ದಾಗ ಹಾಕುತ್ತಿದ್ದೆ. ಹೀಗಾಗಿ ನಮ್ಮ ಸ್ಟುಡಿಯೋದಿಂದ ಹೊರಟ ಚಿತ್ರಗಳಲ್ಲಿ ಕೆಲವನ್ನು ಹುಳ ತಿನ್ನುತ್ತಿತ್ತು, ಕೆಲವನ್ನು ತಿನ್ನುತ್ತಿರಲಿಲ್ಲ.

ಇಂದಿರಾನಗರದ ಒಬ್ಬ ಹೆಂಗಸು ಒಮ್ಮೆ ಫೋನ್ ಮಾಡಿ, "ನಿಮ್ಮ ಚಿತ್ರದಲ್ಲಿರೋ ಲೇಡಿಗೆ ಮೂಗಿಲ್ಲ" ಎಂದರು. ಮೇಡಂ, "ಅದು ಮಾಡರ್ನ್ ಆರ್ಟ್ ಮಾ" ಎಂದು ಸಮಾಧಾನ ಹೇಳಲು ಹೊರಟರು. "ಹೋದ ತಿಂಗಳು ಇತ್ತು!" ಎಂದರು ಆ ಹೆಂಗಸು. ಹೋಗಿ ನೋಡಿದರೆ ಜಿರಲೆ ಮೂಗನ್ನಷ್ಟೇ ಅಚ್ಚುಕಟ್ಟಾಗಿ ತಿಂದಿತ್ತು. ಕಣ್ಣು, ತುಟಿ, ಬೈತಲೆ ಒಂದನ್ನೂ ಮುಟ್ಟಿರಲಿಲ್ಲ. ನಯಾಜ್ ಆ ತೂತನ್ನು ಭಕ್ತಿಯಿಂದ ನೋಡಿ, "ಮೇಡಂ, ಅಲ್ಲಿ ಗಂಜಿ ಚೆನ್ನಾಗಿ ಬೆಂದಿದೆ" ಎಂದರು. ನನ್ನ ಅಡಿಗೆಯನ್ನು ಅವರು ಹೊಗಳಿದ್ದು ಅದೊಂದೇ ಸಲ.

ಮೇಲಧಿಕಾರಿಗಳ ಬಗ್ಗೆ ಬರೆಯದಿದ್ದರೆ ನಿವೃತ್ತರ ಬರಹ ಪೂರ್ಣವಾಗುವುದಿಲ್ಲವಂತೆ. ನನಗಿದ್ದದ್ದು ಒಬ್ಬರೇ ಮೇಲಧಿಕಾರಿ. ಅವರ ಹಟ ನಮಗೆ ಅರ್ಥವಾಗುತ್ತಿರಲಿಲ್ಲ. ಅದಕ್ಕೊಂದು ಉದಾಹರಣೆ, ಗುಲಾಬಿ ಆಕಾಶ.

ದೊಡ್ಡನೆಕ್ಕುಂದಿಯಲ್ಲಿ ಹೊಸದಾಗಿ ಎದ್ದ ಒಂದು ಗಾಜಿನ ಆಫೀಸು. ಅದರ ಮುಂಬಾಗಿಲ ಗೋಡೆಗೆ ದೊಡ್ಡ ಕೊಲಾಜ್ ಕೇಳಿದ್ದರು. ಬೆಂಗಳೂರಿನ ಮನೆಗಳು, ಮರಗಳು, ಮೇಲೆ ಬೆಳ್ಳನೆ ಆಕಾಶ. ಆಕಾಶಕ್ಕೆ ಕೈಕಾಗದ, ಅದರ ಪಕ್ಕಕ್ಕೆ ಮನೆಗಳ ಹಂಚಿಗೆಂದು ಮದುವೆ ಕಾರ್ಡುಗಳ ಕೆಂಪು ಕಾಗದ. ಹೊಸ ಕಾಗದ ಬಂದಾಗ ಮೂಲೆಗೆ ಒದ್ದೆ ಹತ್ತಿ ಒತ್ತಿ ಬಣ್ಣ ಬಿಡುತ್ತದೋ ನೋಡಬೇಕೆಂಬುದು ನಿಯಮ. ಆ ಸಲ ನಯಾಜ್ ನಾನು ನೋಡಿದ್ದೇನೆಂದು ತಿಳಿದರು, ನಾನು ನಯಾಜ್ ನೋಡಿದ್ದಾರೆಂದು ತಿಳಿದೆ. ಅಂಟು ಹಿಡಿಯಲೆಂದು ರಾತ್ರಿ ಚಿತ್ರದ ಮೇಲೆ ಹೇರಿಟ್ಟಿದ್ದ ಭಾರವನ್ನು ಬೆಳಗ್ಗೆ ಬಂದು ಎತ್ತಿ ನೋಡಿದರೆ ಕೆಂಪು ಪೂರ್ತಿ ಇಳಿದು ಆಕಾಶವೆಲ್ಲ ಗುಲಾಬಿ!

ಆಗಲೇ ಆ ಕಂಪನಿಯ ಮ್ಯಾನೇಜರ್ ಕೆಲಸ ಎಲ್ಲಿಗೆ ಬಂತೆಂದು ನೋಡಲು ಬಂದ. ಅವನು ಚಿತ್ರದ ಮುಂದೆ ನಿಂತವನು ಅಲುಗಾಡಲೇ ಇಲ್ಲ. "ವಾವ್! ಏನ್ ಸನ್‌ಸೆಟ್ ಮೇಡಂ! ಇದನ್ನೇ ಕೊಡಿ, ನಾಳೇನೇ ತಗೊಂಡ್ ಹೋಗ್ತೀವಿ."

ನಾನೂ ನಯಾಜೂ ಒಬ್ಬರ ಮುಖ ಒಬ್ಬರು ನೋಡಿ ಉಸಿರುಬಿಟ್ಟೆವು.

"ಕೊಡಲ್ಲ" ಎಂದರು ಮೇಡಂ.

"ಮೇಡಂ, ನಂಗೆ ಇಷ್ಟ ಆಗಿದೆ."

"ನಿಮಗೆ ಇಷ್ಟ ಆಗಿದ್ದು ಪೇಂಟ್ ಅಲ್ಲ, ಗಾಯ. ಅದು ವಾಸಿ ಆಗತ್ತೆ, ಇಲ್ಲ ಕೆಡತ್ತೆ. ಹಾಗೇ ಇರಲ್ಲ."

ಅವನು ಹೋದ ಮೇಲೆ ನಾವಿಬ್ಬರೂ ಮೊದಲ ಬಾರಿಗೆ ಒಂದೇ ಪಕ್ಷದಲ್ಲಿ ನಿಂತು ವಾದಿಸಿದೆವು. ನಯಾಜ್ ಅಂತೂ, "ಗಿರಾಕಿ ಖುಷ್, ನಾವು ಖುಷ್, ನೀವ್ಯಾಕೆ ಮೇಡಂ ಮಧ್ಯ?" ಎಂದುಬಿಟ್ಟರು. ಮೇಡಂ ಗುಲಾಬಿ ಆಕಾಶದ ಒಂದು ಚೂರು ಕಿತ್ತು ಕಿಟಕಿಯ ಗಾಜಿಗೆ ಅಂಟಿಸಿದರು. ಮಿಕ್ಕಿದ್ದನ್ನು ನಾವು ನೀರು ಹಾಕಿ, ನೆನೆಸಿ, ಗೊಣಗುತ್ತ ಗೊಣಗುತ್ತ ತೆಗೆದೆವು. ಮತ್ತೆ ಬಿಳಿ ಕಾಗದ, ಮತ್ತೆ ಗಂಜಿ. ಚಿತ್ರ ತಡವಾಗಿ ಹೋಯಿತು. ಮ್ಯಾನೇಜರ್ ಬೆಳ್ಳನೆ ಆಕಾಶವನ್ನು ನೋಡಿ, ತನ್ನ ಹಳೆಯ ಪ್ರೀತಿ ಸಿಗದವನಂತೆ ಮುಖ ಮಾಡಿದ.

ಕಿಟಕಿಯ ಮೇಲಿನ ಚೂರನ್ನು ನಾವು ಮರೆತೆವು. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಅದರ ಮೇಲೆ ಕಣ್ಣು ಬಿತ್ತು. ಗುಲಾಬಿಯೆಲ್ಲ ಹೋಗಿ ಸೋಸದೇ ಬಿಟ್ಟ ಚಹಾದ ಬಣ್ಣ. ನಯಾಜರನ್ನು ಕರೆದು ತೋರಿಸಿದೆ. ಅವರು ಸುತ್ತ ನೋಡಿ ಮೇಡಂ ಇಲ್ಲವೆಂದು ಖಾತ್ರಿ ಮಾಡಿಕೊಂಡು, "ಹೇಳ್ಬೇಡಿ. ನಾವು ನೋಡಿದ್ವಿ ಅಂತ ಗೊತ್ತಾದ್ರೆ ಇನ್ನೂ ಹತ್ತು ವರ್ಷ ಹೇಳ್ತಾರೆ" ಎಂದರು. ಹೇಳಲಿಲ್ಲ. ಆದರೆ ಮಾರನೆಯ ದಿನ ಆ ಚೂರು ನನ್ನ ಮೇಜಿನ ಮೇಲೆ ಇತ್ತು. ಮೇಡಂ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಅದು ಹತ್ತು ವರ್ಷ ಹೇಳಿದ್ದಕ್ಕಿಂತ ಹೆಚ್ಚಾಗಿತ್ತು.

ಆಮೇಲೆ ಬಂತು ಬಿಳಿ ಗೋಂದು. ಡಬ್ಬಿಯಲ್ಲಿ ಸಿದ್ಧವಾಗಿ ಬರುವುದು. ಬೇಯಿಸುವುದು ಬೇಡ, ಹುಳ ತಿನ್ನುವುದಿಲ್ಲ, ಒಮ್ಮೆ ಹಿಡಿದರೆ ಬಿಡುವುದಿಲ್ಲ. ನಯಾಜ್ ಅದನ್ನು ಕಂಡು ಕರಗಿಹೋದರು. ಅಜ್ಜನ ಕಾಲದಿಂದ ಗಂಜಿ ತಿರುವಿದ ಮನೆತನ. ಆದರೂ ಒಂದೇ ದಿನದಲ್ಲಿ ಪಕ್ಷಾಂತರ. ಮೇಡಂ ಮಾತ್ರ ಅದನ್ನು ರಟ್ಟಿಗೆ ರಟ್ಟು ಸೇರಿಸಲು ಬಿಟ್ಟರೇ ಹೊರತು ಚಿತ್ರದ ಹತ್ತಿರ ಬಿಡಲಿಲ್ಲ. "ಬಿಡಲ್ಲ ಅನ್ನೋದು ಗುಣ ಅಲ್ಲ ನಯಾಜ್" ಎನ್ನುತ್ತಿದ್ದರು. ಈಗಿನ ಹುಡುಗರಿಗೆ ಅದೂ ಬೇಡ; ಕಂಪ್ಯೂಟರಿನಲ್ಲೇ ಕತ್ತರಿಸಿ ಅಲ್ಲೇ ಅಂಟಿಸಿ ಮುದ್ರಿಸುತ್ತಾರೆ. ನಾನು ಬೇಡ ಎನ್ನುವುದಿಲ್ಲ. ಉಗುರಿನ ಸಂದಿಯಲ್ಲಿ ಗಂಜಿ ಇಲ್ಲದೆ ಊಟ ಮಾಡಬಹುದು, ಅದೂ ಒಂದು ಸುಖವೇ.

ಇನ್ನು ಮುನಿರಾಜು. ನಮ್ಮ ದೊಡ್ಡ ಚಿತ್ರಗಳನ್ನೆಲ್ಲ ತನ್ನ ಟೆಂಪೋದಲ್ಲಿ ಸಾಗಿಸುತ್ತಿದ್ದವನು. ಹಳ್ಳ ಬಂದರೆ ಟೆಂಪೋ ನಿಲ್ಲಿಸಿ, ಇಳಿದು, ಹಳ್ಳವನ್ನು ನೋಡಿ, ಆಮೇಲೆ ಹತ್ತುತ್ತಿದ್ದ. ಅವನ ಹಿಂದೆ ಬರುವ ಬಸ್ಸಿನವರು ಏನೇನು ಅನ್ನುತ್ತಿದ್ದರೋ ಅದನ್ನು ಇಲ್ಲಿ ಬರೆಯಲಾರೆ. ರಾಮಮೂರ್ತಿ ನಗರದಲ್ಲಿ ಬಾಡಿಗೆ ಮನೆ. ಹೆಂಡತಿ ಲಲಿತಾ ಗರುಡಾಚಾರ್‌ಪಾಳ್ಯದ ಗಾರ್ಮೆಂಟ್ಸ್‌ನಲ್ಲಿದ್ದಳು; ನಾವು ಅವಳನ್ನು ನೋಡಿರಲಿಲ್ಲ. ಕಾಯಿಲೆಯಾಗಿ ತೀರಿಕೊಂಡಳೆಂದು ತಿಳಿದಾಗ ನಾನೂ ನಯಾಜೂ ಹೋಗಿ ಬಾಗಿಲಲ್ಲೇ ಮಾತಾಡಿಸಿ ಬಂದಿದ್ದೆವು.

ಅದಾಗಿ ಒಂದು ವರ್ಷದ ಮೇಲೆ ಅವನು ಮೆಟ್ಟಿಲು ಹತ್ತಿ ಬಂದು ಬಾಗಿಲ ಬಳಿ ನಿಂತ. "ಮೇಡಂ, ಗೋಡೆಗೆ ಅಂಟಿಸಿರೋದನ್ನ ಬಿಡಿಸೋಕಾಗತ್ತಾ?"

"ಏನು ಅಂಟಿಸಿದೀಯ?"

"ನಾನಲ್ಲ ಮೇಡಂ, ಲಲಿತಾ. ಓನರ್ ಮನೆ ಕೆಡವ್ತಾರೆ. ನಾಡಿದ್ದು ಜೆಸಿಬಿ ಬರತ್ತೆ. ಸಾಮಾನೆಲ್ಲ ಸಾಗಿಸಾಯ್ತು. ಗೋಡೆ ಒಂದು ಉಳ್ಕೊಂಡಿದೆ."

ಮಾರನೆಯ ದಿನ ಬೆಳಗ್ಗೆ ನಾವು ಮೂವರೂ ಹೋದೆವು. ಮೇಡಂ ಬರುತ್ತಾರೆಂದು ನಾವು ಅಂದುಕೊಂಡಿರಲಿಲ್ಲ. ಟೆಂಪೋದ ಮುಂದಿನ ಸೀಟಿನಲ್ಲಿ ಛತ್ರಿ ಹಿಡಿದು ಕೂತೇಬಿಟ್ಟರು.

ಖಾಲಿ ಕೋಣೆ. ಒಂದು ಗೋಡೆಯ ತುಂಬ ಕಾಗದ. ಬಟ್ಟೆಗೆ ಹಾಕುವ ಲೇಬಲ್ಲಿನ ರಟ್ಟುಗಳು, ಬೆಂಕಿಪೊಟ್ಟಣದ ಚಿತ್ರಗಳು, ಕ್ಯಾಲೆಂಡರಿನ ದೇವರ ಕೈಗಳು ಮಾತ್ರ, ಮದುವೆ ಕಾರ್ಡಿನ ಬಾಳೆಮರ, ಚಾಕೊಲೇಟಿನ ನೇರಳೆ ಕಾಗದದಲ್ಲಿ ಮಾಡಿದ ನವಿಲು, ಸ್ವಿಚ್ ಬೋರ್ಡಿನ ಕೆಳಗೆ ಒಂದು ಹಳದಿ ಬಸ್ಸು. ಬಸ್ಸಿನ ಕಿಟಕಿಗಳಲ್ಲೆಲ್ಲ ಹೆಂಗಸರು. ಬಟ್ಟೆ ಅಂಗಡಿಯ ಜಾಹೀರಾತಿನಿಂದ ಕತ್ತರಿಸಿದ ಮುಖಗಳು, ಎಲ್ಲರೂ ಬಂಗಾರ ಹಾಕಿಕೊಂಡು ನಗುತ್ತ ಕೆಲಸಕ್ಕೆ ಹೊರಟಂತೆ.

ಮೇಡಂ ಬಹಳ ಹೊತ್ತು ನೋಡಿದರು. ಯಾರ ಚಿತ್ರ ನೋಡಿದರೂ ತಪ್ಪು ಹೇಳದೆ ಅವರಿಗೆ ಊಟ ಸೇರುತ್ತಿರಲಿಲ್ಲ. ಈಗಲೂ ಬಿಡಲಿಲ್ಲ. "ಎಡಗಡೆ ತುಂಬಾ ಕ್ರೌಡ್ ಮಾಡಿಬಿಟ್ಟಿದಾಳೆ ಮಾ" ಎಂದರು. ನಾನು ಅವರ ಸೆರಗು ಜಗ್ಗಿದೆ.

"ಎಡಗಡೆ ನೀರು ಇಳೀತಿತ್ತು ಮೇಡಂ" ಎಂದ ಮುನಿರಾಜು. "ಪ್ರತೀ ಮಳೆಗೂ ಕಲೆ ಆಗೋದು. ಅವಳು ಅದರ ಮೇಲೆ ಇನ್ನೊಂದು ಅಂಟಿಸೋಳು. ಅದಕ್ಕೇ ಅಲ್ಲಿ ಜಾಸ್ತಿ."

ಮೇಡಂ ತಲೆಯಾಡಿಸಿ ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡರು.

ಮೊದಲು ಇಡೀ ಚಿತ್ರದ ಮೇಲೆ ತೆಳು ಟಿಶ್ಯೂ ಕಾಗದವನ್ನು ನೀರಾದ ಅಂಟಿನಿಂದ ಹಿಡಿಸಿದೆವು, ಚೂರುಗಳು ಉದುರದ ಹಾಗೆ. ಆಮೇಲೆ ಕೆಟಲ್ಲಿನ ಹಬೆ ತಾಗಿಸುತ್ತ, ಚಪ್ಪಟೆ ಬಿದಿರುಕಡ್ಡಿ ತೂರಿಸುತ್ತ, ಮೇಲಿನಿಂದ ಕೆಳಗೆ ಬಿಡಿಸುತ್ತ ಬಂದೆವು. ಅಂಟು ಬಿಡಲಿಲ್ಲ, ಗೋಡೆಯ ಸುಣ್ಣವೇ ಬಿಟ್ಟುಕೊಟ್ಟಿತು. ಎಷ್ಟೋ ಸಲ ಬಳಿದ ಸುಣ್ಣ ಪದರಪದರವಾಗಿ ಕಾಗದದ ಬೆನ್ನಿಗೆ ಅಂಟಿಕೊಂಡೇ ಬಂತು. ಕೆಳಗಿನ ಮನೆಯ ಓನರಮ್ಮ ಕಾಫಿ ತಂದವರು ಇದನ್ನು ನೋಡಿ, "ಅಯ್ಯೋ, ನನ್ನ ಗೋಡೆ ಸುಣ್ಣ ಎಲ್ಲಾ ಕಿತ್ಕೊಂಡ್ ಹೋಗ್ತಿದೀರಲ್ರೀ!" ಎಂದರು. ನಾಳೆ ಆ ಗೋಡೆಯೇ ಇರುವುದಿಲ್ಲವೆಂದು ಅವರಿಗೆ ನೆನಪಾದದ್ದು ಅರ್ಧ ಮೆಟ್ಟಿಲು ಇಳಿದ ಮೇಲೆ. ತಿರುಗಿ ಬಂದು, "ಹೋಗ್ಲಿ ಬಿಡಿ, ತಗೊಂಡ್ ಹೋಗಿ" ಎಂದು ದಾನ ಮಾಡಿದರು. ಆಮೇಲೆ ಅಲ್ಲೇ ಬಾಗಿಲಿಗೆ ಒರಗಿ ನಿಂತು, "ಮಧ್ಯಾಹ್ನದ ಶಿಫ್ಟ್ ಇದ್ದಾಗ ಬೆಳಗ್ಗೆಲ್ಲ ಕೂತು ಕತ್ತರಿಸೋಳು. ನಮ್ಮನೆ ಕ್ಯಾಲೆಂಡರ್‌ಗೆ ವರ್ಷ ಮುಗಿಯೋ ಮುಂಚೇನೇ ಬುಕಿಂಗ್" ಎಂದರು.

ಮಧ್ಯಾಹ್ನದ ಹೊತ್ತಿಗೆ ನವಿಲು ಬಂತು, ಬಾಳೆಮರ ಬಂತು, ದೇವರ ಕೈಗಳೆಲ್ಲ ಬಂದವು. ಸ್ವಿಚ್ ಬೋರ್ಡಿನ ಕೆಳಗಿನ ಹಳದಿ ಬಸ್ಸು ಮಾತ್ರ ಬರಲಿಲ್ಲ. ಹಬೆ ಕೊಟ್ಟೆವು, ಬಿಸಿನೀರು ಕೊಟ್ಟೆವು, ಕಡ್ಡಿ ಮುರಿಯಿತು. ಅಲ್ಲಿ ಅಂಟು ಕಾಗದವನ್ನೂ ಸುಣ್ಣವನ್ನೂ ದಾಟಿ ಗಾರೆಗೇ ಇಳಿದಿತ್ತು.

"ಇದು ಗಂಜಿ ಅಲ್ಲ" ಎಂದರು ಮೇಡಂ.

ಮುನಿರಾಜು ನಯಾಜರ ಕಡೆ ನೋಡಿದ. ನಯಾಜ್ ನೆಲ ನೋಡಿದರು. "ನಾನೇ ಕೊಟ್ಟಿದ್ದು ಮೇಡಂ. ಬಿಳಿ ಗೋಂದು. ಬಸ್ಸು ಪದೇಪದೇ ಬಿದ್ದೋಗತ್ತೆ ಅಂತ ಲಲಿತಮ್ಮ ಹೇಳ್ಕಳಿಸಿದ್ರು. ಒಂದು ಸಣ್ಣ ಡಬ್ಬಿ ಕೊಟ್ಟೆ. ಇನ್ನು ಜನ್ಮದಲ್ಲಿ ಬೀಳಲ್ಲ ಅಂತಾನೂ ಹೇಳಿದ್ದೆ."

ಮೇಡಂ ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಮುನಿರಾಜು ಮೆಲ್ಲಗೆ, "ಬಸ್ ಬಿಟ್ಬಿಡಿ ಮೇಡಂ, ಇಷ್ಟು ಬಂತಲ್ಲ, ಸಾಕು" ಎಂದ. ಆದರೆ ಅವನ ಕೈ ಬಸ್ಸಿನ ಮೇಲೆಯೇ ಇತ್ತು. "ದಿನಾ ಅವಳು ಹತ್ತುತಿದ್ದ ಬಸ್ಸಿಗೆ ಸೀಟು ಸಿಕ್ತಿರಲಿಲ್ಲ. ಅದಕ್ಕೇ ಇದ್ರಲ್ಲಿ ಎಲ್ರನ್ನೂ ಕೂರಿಸಿದೀನಿ ಅನ್ನೋಳು."

ನಯಾಜ್ ಎದ್ದು ಕೆಳಗೆ ಹೋದರು. ಪಕ್ಕದ ಬೀದಿಯಲ್ಲಿ ಯಾವುದೋ ಕಟ್ಟಡದ ಕೆಲಸದವರಿಂದ ಉಳಿ, ಸುತ್ತಿಗೆ ಕೇಳಿ ತಂದರು. "ಬಸ್ ಬರ್ದೇ ಇದ್ರೆ ರೋಡೇ ತಗೊಂಡ್ ಹೋಗೋಣ" ಎಂದು ಬಸ್ಸಿನ ಸುತ್ತ ಗಾರೆಯನ್ನು ಕೊರೆಯಲು ಶುರುಮಾಡಿದರು. ನಾನು ಟಿಶ್ಯೂ ಹಿಡಿದುಕೊಂಡೆ, ಮುನಿರಾಜು ಕೆಳಗೆ ಎರಡೂ ಅಂಗೈ ಒಡ್ಡಿ ಕೂತ. ಮೇಡಂ, "ಮೆದುವಾ, ಮೆದುವಾ" ಎಂದು ತಮಿಳಿನಲ್ಲಿ ಮೆಲ್ಲಗೆ, ಮೆಲ್ಲಗೆ ಎನ್ನುತ್ತಲೇ ಇದ್ದರು. ಕೊನೆಗೆ ಇಟ್ಟಿಗೆಯ ಕೆಂಪು ಕಂಡಿತು. ಬಸ್ಸು ತನ್ನ ಪಾಲಿನ ಗೋಡೆಯನ್ನು ಬೆನ್ನಿಗೆ ಹೊತ್ತುಕೊಂಡೇ ಮುನಿರಾಜುವಿನ ಕೈಗೆ ಬಂದು ಕೂತಿತು.

ಆಮೇಲೆ ಎಷ್ಟೋ ದಿನ ಸ್ಟುಡಿಯೋದಲ್ಲಿ ನಯಾಜ್ ಬಸ್ಸನ್ನು ಬೋರಲು ಮಲಗಿಸಿಕೊಂಡು, ಬೆನ್ನಿನ ಗಾರೆಯನ್ನು ಉಪ್ಪುಕಾಗದದಲ್ಲಿ ಉಜ್ಜುತ್ತ ಕೂತಿದ್ದರು. ಬೇರೆ ಕೆಲಸ ಹೇಳಿದರೆ, "ಡ್ಯೂಟಿ ಮೇಲಿದೀನಿ" ಎನ್ನುತ್ತಿದ್ದರು. ಗಡ್ಡದ ತುಂಬ ಬಿಳಿ ಧೂಳು. ನಾನು ಒಂದು ದಿನ, "ನಯಾಜ್ ಭಾಯ್, ಬಿಳಿ ಗೋಂದು ಹೇಗೆ?" ಎಂದು ಕೆಣಕಿದೆ. "ಒಳ್ಳೇ ಮಾಲು" ಎಂದರು, ಉಜ್ಜುವುದನ್ನು ನಿಲ್ಲಿಸದೆ. "ದುಶ್ಮನ್‌ಗೆ ಕೊಡ್ಬೇಕು."

ಎಲ್ಲವನ್ನೂ ಸೇರಿಸಿದ ಮೇಲೆ ಮೇಡಂ ಚೌಕಟ್ಟಿಗೆ ಗಾಜು ಆರಿಸಲು ಹೊರಟರು. ಆಗ ಮುನಿರಾಜು, "ಗ್ಲಾಸ್ ಬೇಡ ಮೇಡಂ. ಹೊಸಾ ಮನೆ ಗೋಡೆಗೆ ಅಂಟಿಸ್ಕೊಡಿ" ಎಂದ.

ಮೇಡಂಗೆ ತಡೆಯಲಾಗಲಿಲ್ಲ. "ಹುಚ್ಚಾ ನಿನಗೆ? ಅದೂ ಬಾಡಿಗೆ ಮನೇನೇ. ಮತ್ತೆ ಶಿಫ್ಟ್ ಮಾಡ್ಬೇಕಾದ್ರೆ?"

"ಗ್ಲಾಸ್ ಹಾಕಿದ್ರೆ ಫೋಟೋ ಆಗ್ಬಿಡತ್ತೆ ಮೇಡಂ. ಅವಳದ್ದು ಒಂದು ಫೋಟೋ ಇದೆ, ಅದಕ್ಕೆ ಹಾರ ಹಾಕಿದೀನಿ. ಇದು ಗೋಡೆ. ಇದರ ಪಕ್ಕ ನಾನು ಟವಲ್ ನೇತಾಕ್ತೀನಿ."

ಮೇಡಂ ನನ್ನ ಕಡೆ ತಿರುಗಿ, "ವನಜಾ, ಮಲ್‌ಮಲ್ ಬಟ್ಟೆ ತಗೊಂಡ್ ಬಾ. ಗಂಜಿ ಇಡು" ಎಂದರು. ಇಡೀ ಚಿತ್ರವನ್ನು ಮೊದಲು ತೆಳ್ಳನೆ ಬಟ್ಟೆಯ ಮೇಲೆ ಅಂಟಿಸಿದೆವು. ಆ ಬಟ್ಟೆಯ ಅಂಚನ್ನಷ್ಟೇ ಹೊಸ ಮನೆಯ ಗೋಡೆಗೆ ಹಿಡಿಸಿದೆವು, ಗಂಜಿಯಲ್ಲಿ, ಒದ್ದೆ ಬಟ್ಟೆ ಒತ್ತಿದರೆ ಬಿಟ್ಟುಕೊಡುವ ಹಾಗೆ. ಆ ಸಲದ ಗಂಜಿಗೆ ಮೈಲುತುತ್ತ ಹಾಕಿದ್ದು ಸ್ವತಃ ಮೇಡಂ. ನಯಾಜ್ ನೋಡಿಯೂ ನೋಡದವರಂತೆ ಇದ್ದರು. ದೊಡ್ಡ ಮನುಷ್ಯ.

ಕೆಲವು ವರ್ಷಗಳ ಮೇಲೆ ಮೇಡಂ ಕಣ್ಣು ಮಂಜಾಗಿ ಸ್ಟುಡಿಯೋ ಮುಚ್ಚಿದರು. ನನ್ನನ್ನು ಮೊಣಕಾಲು ನಿವೃತ್ತಿ ಮಾಡಿಸಿತು. ನಯಾಜ್ ಮೊಮ್ಮಕ್ಕಳ ಶಾಲೆ ಪುಸ್ತಕಗಳಿಗೆ ಬೈಂಡು ಹಾಕಿಕೊಂಡು, ಅವರು ಅದನ್ನು ಹಾಳು ಮಾಡುತ್ತಾರೆಂದು ಬೈದುಕೊಂಡು ಇದ್ದಾರೆ. ಹೋದ ತಿಂಗಳು ಮುನಿರಾಜು ನನಗೆ ಫೋನ್ ಮಾಡಿದ. "ಮೇಡಂ, ಮನೆ ಶಿಫ್ಟ್ ಮಾಡ್ತಿದೀನಿ. ಕೆ.ಆರ್. ಪುರಂ, ನಿಮ್ಮ ಹತ್ತಿರಾನೇ."

ಹೋದೆವು, ನಾನೂ ನಯಾಜೂ, ಇಬ್ಬರಿಗೂ ಸೇರಿ ಒಂದು ಒಳ್ಳೆಯ ಮೊಣಕಾಲು. ಹಳೇ ಮನೆಯ ಗೋಡೆಗೆ ಒದ್ದೆ ಬಟ್ಟೆ ಒತ್ತಿದೆವು. ಅಂಚು ತಾನಾಗಿ ಬಿಟ್ಟುಕೊಂಡಿತು. ಚಾಪೆಯಂತೆ ಸಡಿಲವಾಗಿ ಸುತ್ತಿಕೊಂಡು, ಬಸ್ಸನ್ನು ಮಾತ್ರ ಬಾಗಿಸದೆ, ಟೆಂಪೋದಲ್ಲಿ ತಂದೆವು. ಹೊಸ ಮನೆಯ ಗೋಡೆಗೆ ಹಿಡಿಸಿ ಹಿಂದೆ ಸರಿದು ನೋಡಿದರೆ, ಈ ಗೋಡೆ ಹಿಂದಿನದಕ್ಕಿಂತ ಉದ್ದ. ಬಲಗಡೆ ಒಂದು ಮೊಳ ಖಾಲಿ.

"ಅಲ್ಲಿ ನೀವೇ ಏನಾದ್ರೂ ಅಂಟಿಸಿ ಮೇಡಂ" ಎಂದ ಮುನಿರಾಜು.

ನನಗೆ ಕೈ ಬರಲಿಲ್ಲ. ಜೀವಮಾನವಿಡೀ ಬೇರೆಯವರು ತೋರಿಸಿದ ಜಾಗದಲ್ಲಿ ಅಂಟಿಸಿದವಳು ನಾನು. "ಅದು ನಂದಲ್ಲಪ್ಪ, ನಿಂದು" ಎಂದೆ. ನಯಾಜರೂ ತಲೆಯಲ್ಲಾಡಿಸಿದರು.

ಅವನು ಸುತ್ತ ನೋಡಿದ. ಬೆಳಗ್ಗೆ ಹಾಲು ಉಕ್ಕಿಸಿದಾಗ ತಂದ ಸಿಹಿಯ ಡಬ್ಬಿ ಕಿಟಕಿಯ ಮೇಲಿತ್ತು. ಅದರ ಮುಚ್ಚಳದ ಬಂಗಾರದ ಬಣ್ಣದ ಕಾಗದವನ್ನು ಕಿತ್ತುಕೊಂಡ.

"ಅರೇ, ಚಮಕ್ ಕಾಗದ ನಕ್ಕೋ, ಬೇಡ!" ಎಂದು ನಯಾಜ್ ಕೂಗಿದರು. "ಅದು ಗಂಜಿ ಕುಡಿಯಲ್ಲ. ಗುಳ್ಳೆ ಬರತ್ತೆ."

ಮುನಿರಾಜು ಅಷ್ಟರಲ್ಲಿ ಗಂಜಿ ಸವರಿ ಆಗಿತ್ತು. ತೇವ ಮಾಡಲಿಲ್ಲ, ಕಾಯಲಿಲ್ಲ, ನಾರಿನ ದಿಕ್ಕು ನೋಡಲಿಲ್ಲ. ಬಸ್ಸು ಹೊರಟ ದಿಕ್ಕಿನಲ್ಲಿ, ಸ್ವಲ್ಪ ಎತ್ತರಕ್ಕೆ, ಸೊಟ್ಟಗೆ, ಸೂರ್ಯನಂತೆ ಒಂದು ದುಂಡಗಿನ ಚೂರನ್ನು ಅಂಟಿಸಿ, ಎರಡು ಸಲ ತಟ್ಟಿ, "ಹೆಂಗಿದೆ?" ಎಂದ. ನಮ್ಮ ಕಣ್ಣೆದುರಿಗೇ ಅದರ ನಡುವೆ ಮೆಲ್ಲಗೆ ಒಂದು ಗುಳ್ಳೆ ಎದ್ದಿತು. ಕಡಲೆಕಾಳಿನಷ್ಟಿದ್ದದ್ದು ನಿಂಬೆಹಣ್ಣಿನಷ್ಟಾಯಿತು. ನಾನು ನಯಾಜರನ್ನು ನೋಡಿದೆ, ಅವರು ನನ್ನನ್ನು ನೋಡಿದರು. ಇಬ್ಬರೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆವು.

"ಚೆನ್ನಾಗಿದೆ" ಎಂದೆ.

ಆ ಸಂಜೆ ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿದೆ. ಕೊನೆಗೆ ಗುಳ್ಳೆಯ ವಿಷಯವನ್ನೂ ಹೇಳಿದೆ.

"ಎಷ್ಟು ದೊಡ್ಡದು?"

"ನಿಂಬೆಹಣ್ಣಿನಷ್ಟು."

"ಪಿನ್ ಚುಚ್ಚಿ ಒತ್ತಿದ್ಯಾ?"

"ಇಲ್ಲ ಮೇಡಂ. ಹಾಗೇ ಬಿಟ್ಟು ಬಂದ್ವಿ."

"ಗುಡ್" ಎಂದರು. ಆಮೇಲೆ ಮೆಲ್ಲಗೆ ಕೇಳಿದರು, "ಕೈ ತುರಿಸ್ತಾ ಮಾ?"

"ತುಂಬಾ ಮೇಡಂ."

"ನಂಗೆ ಈಗ ತುರಿಸ್ತಿದೆ" ಎಂದರು.